4060 ಕಾರ್ಡಾ, 6700 ಎಕ್ಸ್‌ಟಿನಾ? ನನ್ನ ಯುಪಿಎಸ್ ಹೇಳಿದ್ದು

ಕಂಪ್ಯೂಟರ್ ಆಟಕ್ಕೆ ಈ ಎರಡು ಗ್ರಾಫಿಕ್ಸ್ ಕಾರ್ಡುಗಳಲ್ಲಿ (ತೆರೆಯ ಮೇಲಿನ ಚಿತ್ರ ಬಿಡಿಸುವ ಭಾಗ) ಯಾವುದು ಅಂದರೆ, ನನ್ನ ವೋಟು ಆರ್‌ಟಿಎಕ್ಸ್ 4060ಕ್ಕೆ. ಹಾಗಂತ ಅದು ಆರ್‌ಎಕ್ಸ್ 6700 ಎಕ್ಸ್‌ಟಿಗಿಂತ ಗಟ್ಟಿ ಕಾರ್ಡು ಅಂತಲ್ಲ. ಬರೀ ಫ್ರೇಮ್ ಲೆಕ್ಕದಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಬಿಡಿಸುತ್ತದೆ ಅನ್ನೋದರಲ್ಲಿ, 6700 ಎಕ್ಸ್‌ಟಿಯೇ ಸ್ವಲ್ಪ ಮುಂದೆ. ಎರಡನ್ನೂ ಒಂದೇ ಕಂಪ್ಯೂಟರ್‌ನಲ್ಲಿ ಹಾಕಿ ಆಡಿದ ಮೇಲೆ ಹೇಳುತ್ತಿದ್ದೇನೆ.

2024ರ ಏಪ್ರಿಲ್‌ನಲ್ಲಿ 6700 ಎಕ್ಸ್‌ಟಿ ಸೆಕೆಂಡ್ ಹ್ಯಾಂಡ್ 19 ಸಾವಿರಕ್ಕೆ ಸಿಕ್ಕಿತು. 12 ಜಿಬಿ ಮೆಮೊರಿ, ಬಿಡೋಕೆ ಮನಸ್ಸಾಗುತ್ತಾ? 2021ರಲ್ಲಿ ಬಂದ ಕಾರ್ಡು. ಆಗಿನವು ಎಷ್ಟೋ ಈಥೀರಿಯಂ ಮೈನಿಂಗ್‌ನಲ್ಲಿ (ಕಂಪ್ಯೂಟರ್‌ನಿಂದ ಲೆಕ್ಕ ಮಾಡಿಸಿ ಡಿಜಿಟಲ್ ಹಣ ಗಳಿಸುವ ಕೆಲಸ) ಹಗಲು ರಾತ್ರಿ ದುಡಿದು, 2022ರ ಸೆಪ್ಟೆಂಬರ್‌ನಲ್ಲಿ ಆ ಮೈನಿಂಗ್ ನಿಂತ ಮೇಲೆ ಮಾರಾಟಕ್ಕೆ ಬಂದವು. ನನ್ನದು ಎಲ್ಲಿ ದುಡಿದಿತ್ತೋ ಗೊತ್ತಿಲ್ಲ. ಓಡುವುದಂತೂ ಚೆನ್ನಾಗಿ ಓಡುತ್ತಿತ್ತು.

ಜೂನ್‌ನಲ್ಲಿ ಮಳೆ ಹಿಡಿಯಿತು. ನಮ್ಮದು ತೀರ್ಥಹಳ್ಳಿ ಕಡೆ. ಲೈನಿನ ಮೇಲೆ ಒಂದು ಕೊಂಬೆ ಬಿದ್ದರೆ ಸಾಕು, ಕರೆಂಟ್ ಹೋಗುತ್ತದೆ. ಬರುತ್ತದೆ, ಮತ್ತೆ ಹೋಗುತ್ತದೆ. ಅದಕ್ಕೇ ಅಂತ 600 ವಿಎ ಯುಪಿಎಸ್ ಇಟ್ಟುಕೊಂಡಿದ್ದೆ. ಹಳೇ ಕಾರ್ಡ್ ಇದ್ದಾಗ ಒಂದು ಸಲವೂ ಕೈ ಕೊಟ್ಟಿರಲಿಲ್ಲ. ಈಗ ಆಟದ ಮಧ್ಯೆ ಕರೆಂಟ್ ಹೋದರೆ ಕೀಂ ಅಂತ ಒಂದು ಸದ್ದು, ಎಲ್ಲ ಕತ್ತಲು.

ಬ್ಯಾಟರಿ ಸತ್ತಿದೆ ಅಂದುಕೊಂಡು 900 ರೂಪಾಯಿ ಕೊಟ್ಟು ಹೊಸದು ಹಾಕಿಸಿದೆ. ಮತ್ತೆ ಕೀಂ. ಕೊನೆಗೆ ಯುಪಿಎಸ್ ತಿರುಗಿಸಿ ಹಿಂದಿನ ಚೀಟಿ ಓದಿದೆ. 360 ವ್ಯಾಟ್ ಅಂತ ಬರೆದಿತ್ತು. ವಿಎ ಬೇರೆ, ನಿಜಕ್ಕೂ ಸಿಗುವ ಶಕ್ತಿ ತೋರಿಸುವ ವ್ಯಾಟ್ ಬೇರೆ ಅನ್ನೋದೇ ಅಷ್ಟು ದಿನ ನನಗೆ ಗೊತ್ತಿರಲಿಲ್ಲ! 6700 ಎಕ್ಸ್‌ಟಿ ಒಂದೇ 230 ವ್ಯಾಟ್. ನನ್ನ ಪ್ರೊಸೆಸರ್ ರೈಜೆನ್ 5 5600ಕ್ಕೆ ಆಟದಲ್ಲಿ 60ರ ಆಸುಪಾಸು. ಬೋರ್ಡು, ರ‍್ಯಾಮು, ಫ್ಯಾನು ಸೇರಿ 40. ಪವರ್ ಸಪ್ಲೈಯಲ್ಲಿ ಬಿಸಿಯಾಗಿ ಹೋಗೋದು ಬೇರೆ. ಮಾನಿಟರನ್ನೂ ಸೇರಿಸಿದರೆ 400 ದಾಟುತ್ತದೆ. ಕಾರ್ಡಿನ ತಪ್ಪಲ್ಲ, ಯುಪಿಎಸ್ ತಪ್ಪೂ ಅಲ್ಲ. ಲೆಕ್ಕ ಹಾಕದೆ ತಂದವನು ನಾನು.

ಕಾರ್ಡು ಕಮ್ಮಿ ಕರೆಂಟ್ ಎಳೆಯಲಿ ಅಂತ ಫ್ರೇಮ್ 60ಕ್ಕೆ ಕಟ್ಟಿ ಹಾಕಿ ನೋಡಿದೆ. ಸಣ್ಣ ಆಟಗಳಲ್ಲಿ ನಡೆಯಿತು. ಸೈಬರ್‌ಪಂಕ್ 2077 ಅನ್ನೋ ಭಾರಿ ಆಟದಲ್ಲಿ ಊರೊಳಗೆ ಗಾಡಿ ಓಡಿಸುವಾಗ ಮತ್ತೆ ಅದೇ ಗೋಳು. ಮನೆಯಲ್ಲಿ ಇನ್ವರ್ಟರ್ ಇದೆ, ಆದರೆ ಅದರ ಲೈನ್ ನನ್ನ ಕೋಣೆಯ ಫ್ಯಾನಿಗೆ, ಒಂದು ಟ್ಯೂಬ್‌ಲೈಟ್‌ಗೆ ಅಷ್ಟೇ. 1100 ವಿಎ ಯುಪಿಎಸ್ ಕೇಳಿದರೆ ಹತ್ತಿರ ಹತ್ತಿರ 6 ಸಾವಿರ. ಅಲ್ಲಿಗೆ 25 ಸಾವಿರ ಆಯಿತು, ಕಾರ್ಡಿಗೆ ವಾರಂಟಿಯೂ ಇಲ್ಲ. ಹೊಸ 4060 ನನಗೆ 28,500ಕ್ಕೆ ಬಂತು, ಮೂರು ವರ್ಷದ ವಾರಂಟಿ ಸಮೇತ.

4060 ಎಳೆಯೋದು 115 ವ್ಯಾಟ್. ಸುಮಾರು ಅರ್ಧ! ಎಲ್ಲ ಸೇರಿ 270ರ ಒಳಗೇ ಇರುತ್ತದೆ. ಕರೆಂಟ್ ಹೋದರೆ ಮೂರು ನಾಲ್ಕು ನಿಮಿಷ ಸಿಗುತ್ತದೆ. ಸೇವ್ ಮಾಡಿ ಎದ್ದು ಹೋಗೋಕೆ ಅಷ್ಟು ಸಾಕು.

ಕಳಕೊಂಡಿದ್ದೂ ಇದೆ. 8 ಜಿಬಿ ಕಮ್ಮಿಯೇ. ಹೊಸ ಆಟಗಳಲ್ಲಿ ಟೆಕ್ಸ್ಚರ್ (ಗೋಡೆ, ನೆಲದಂಥವುಗಳ ಮೈ ವಿವರ) ಅಲ್ಟ್ರಾ, ಅಂದರೆ ಎಲ್ಲಕ್ಕಿಂತ ಮೇಲೆ ಇಟ್ಟರೆ ತಡವರಿಸುತ್ತದೆ. ಒಂದು ಮೆಟ್ಟಿಲು ಇಳಿಸಿದರೆ ಸರಿಹೋಗುತ್ತದೆ. ನನ್ನ ಬಿ450 ಮದರ್‌ಬೋರ್ಡಿನಲ್ಲಿ ಕಾರ್ಡಿಗೆ ಡೇಟಾ ಹೋಗುವ ದಾರಿ ಹಳೇ ಪಿಸಿಐ ಎಕ್ಸ್‌ಪ್ರೆಸ್ 3.0, ಕಾರ್ಡು ಬಳಸೋದು ಅದರಲ್ಲಿ ಎಂಟೇ ಲೇನು. ಒಂಚೂರು ನಷ್ಟ ಇರಬೇಕು, ಕಣ್ಣಿಗಂತೂ ಕಂಡಿಲ್ಲ.

ರೇ ಟ್ರೇಸಿಂಗ್‌ನಲ್ಲಿ, ಅಂದರೆ ಬೆಳಕು ನೆರಳು ನಿಜದ ಹಾಗೆ ಬಿಡಿಸುವಲ್ಲಿ, 4060 ವಾಸಿ.

4060ರ ಡಿಎಲ್‌ಎಸ್‌ಎಸ್ ಫ್ರೇಮ್ ಜನರೇಶನ್ (ನಿಜವಾದ ಫ್ರೇಮುಗಳ ಮಧ್ಯೆ ಕಾರ್ಡೇ ಹೊಸದು ಹುಟ್ಟಿಸಿ ಸೇರಿಸುವುದು) ಬಗ್ಗೆ ತುಂಬಾ ಹೊಗಳುತ್ತಾರೆ. ಮೊದಲೇ 60 ಫ್ರೇಮ್ ಬರುತ್ತಿದ್ದರೆ ಚೆಂದ. 30 ಬರುವ ಕಡೆ ಹಾಕಿದರೆ ನೋಡೋಕೆ ನುಣುಪು, ಮೌಸ್ ಮಾತ್ರ ಕೆಸರಲ್ಲಿ ಎಳೆದ ಹಾಗೆ.

12 ಜಿಬಿಯ ಆರ್‌ಟಿಎಕ್ಸ್ 3060 ಕಾರ್ಡು ತಗೋಬಹುದಿತ್ತಲ್ವಾ ಅಂತ ನನ್ನ ತಮ್ಮ ಕೇಳಿದ. ಅದು 170 ವ್ಯಾಟ್. 360ರ ಅಂಚಿಗೇ ಬಂದು ನಿಲ್ಲುತ್ತದೆ, ಗುಡುಗಿದಾಗಲೆಲ್ಲ ಎದೆ ಡವಡವ. ಬೇಡಪ್ಪಾ ಅಂದೆ.

6700 ಎಕ್ಸ್‌ಟಿ ಈಗ ಮೈಸೂರಿನ ಗೆಳೆಯನ ಹತ್ತಿರ ಇದೆ. ಅವನದು ನನ್ನದಕ್ಕಿಂತ ಹೆಚ್ಚು ಚುಕ್ಕಿಗಳ 1440ಪಿ ಮಾನಿಟರ್, ದೊಡ್ಡ ಯುಪಿಎಸ್. ಅವನಿಗೆ ಅದೇ ಸರಿ. ಟೆಕ್ಸ್ಚರ್ ಅಲ್ಟ್ರಾದಲ್ಲಿ ಇಟ್ಟು ಸ್ಕ್ರೀನ್‌ಶಾಟ್ ಕಳಿಸುತ್ತಿರುತ್ತಾನೆ. ಸ್ವಲ್ಪ ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ನಾನು ಆಡೋದು 1080ಪಿಯಲ್ಲಿ, ಅದೂ ರಾತ್ರಿ ಊಟ ಆದಮೇಲೆ ಒಂದೆರಡು ಗಂಟೆ. ಆ 900 ರೂಪಾಯಿ ಬ್ಯಾಟರಿಯೂ ದಂಡ ಆಗಲಿಲ್ಲ, 4060 ಜೊತೆ ಅದೇ ನಡೀತಿದೆ.