ಬಂದರಿನ ಅಂಗಡಿಯ ಜೈಲೀನ್: ಗೇಟಿನ ಪೈಂಟಿಗೆ ಒಳ್ಳೆಯದು, ಮುಚ್ಚಿದ ಕೋಣೆಗೆ ಖಂಡಿತ ಬೇಡ

ಉಡುಪಿ ಕಡೆ ನಮ್ಮದು ಗೇಟು, ಗ್ರಿಲ್, ಮೆಟ್ಟಿಲಿನ ರೇಲಿಂಗ್ ಮಾಡುವ ಸಣ್ಣ ಶೆಡ್. ಮಲ್ಪೆ ಬೋಟಿನವರ ಚಿಲ್ಲರೆ ಕಬ್ಬಿಣದ ಕೆಲಸವೂ ಆಗಾಗ ಬರುತ್ತದೆ. ಎಪಾಕ್ಸಿ ಪ್ರೈಮರ್ (ತುಕ್ಕು ತಡೆಯಲು ಕಬ್ಬಿಣಕ್ಕೆ ಮೊದಲು ಬಳಿಯುವ ಪದರ) ತೆಳು ಮಾಡಲಿಕ್ಕೆ, ಬ್ರಷ್ ಮತ್ತು ಸ್ಪ್ರೇ ಗನ್ ತೊಳೆಯಲಿಕ್ಕೆ ನಾವು ಮಂಗಳೂರು ಬಂದರಿನ ಒಂದು ಕೆಮಿಕಲ್ ಅಂಗಡಿಯಿಂದ 5 ಲೀಟರಿನ ಜೈಲೀನ್ ಡಬ್ಬ ತರಿಸುತ್ತೇವೆ. ಮಾಲು ಚೆನ್ನಾಗಿದೆ, ಅಂಗಡಿಯೂ ಚೆನ್ನಾಗಿದೆ. ಆದರೆ ಇದನ್ನು ತಗೊಳ್ಳುವ ಮೊದಲು ತಿಳಿದಿರಬೇಕಾದ ಸಂಗತಿ ಜಾಸ್ತಿ ಉಂಟು. ನಮ್ಮ ಕರಾವಳಿಯ ಸೆಕೆಯಲ್ಲಿ, ಮಳೆಯಲ್ಲಿ ಇದನ್ನು ಬಳಸುವವರಿಗೆ ಅಂಥದ್ದನ್ನು ಯಾರೂ ಕೂತು ಹೇಳುವುದಿಲ್ಲ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಮಾಲಿನ ಬಗ್ಗೆ. ಡಬ್ಬದಲ್ಲಿ ಬರುವುದು ಮಿಕ್ಸೆಡ್ ಜೈಲೀನ್. ಅಂದರೆ ಆರ್ಥೋ, ಮೆಟಾ, ಪ್ಯಾರಾ ಅನ್ನುವ ಜೈಲೀನಿನ ಮೂರು ಬಗೆಯೂ ಸೇರಿದ್ದು, ಜೊತೆಗೆ ಸ್ವಲ್ಪ ಈಥೈಲ್ ಬೆಂಜೀನ್. ನೀರಿನ ಹಾಗೆ ತಿಳಿ, ಬಣ್ಣ ಇಲ್ಲ. ಮುಚ್ಚಳ ತೆಗೆದ ಕೂಡಲೇ ಸಿಹಿ ಬೆರೆತ ಘಾಟು ಮೂಗಿಗೆ ಹೊಡೆಯುತ್ತದೆ. 138ರಿಂದ 144 ಡಿಗ್ರಿ ಸೆಲ್ಸಿಯಸ್ ನಡುವೆ ಕುದಿಯುತ್ತದೆ. ನೀರಿಗಿಂತ ಹಗುರ, ಒಂದು ಲೀಟರ್ ಸುಮಾರು 870 ಗ್ರಾಂ ತೂಗುತ್ತದೆ. ಮಂಗಳೂರಿನ ವಿಶೇಷ ಆರ್ಥಿಕ ವಲಯದಲ್ಲಿ ಓಎಂಪಿಎಲ್ ಅಂತ ಇದ್ದು ಈಗ ಎಂಆರ್‌ಪಿಎಲ್ ರಿಫೈನರಿ ಜೊತೆ ಸೇರಿರುವ ಘಟಕ ಇದೆಯಲ್ಲ, ಅಲ್ಲಿ ಮಾಡುವುದು ಇದರಲ್ಲೇ ಒಂದಾದ ಪ್ಯಾರಾಜೈಲೀನ್. ಅದು ಪಾಲಿಯೆಸ್ಟರ್ ಬಟ್ಟೆಗೆ, ನೀರಿನ ಬಾಟಲಿಯ ಪ್ಲಾಸ್ಟಿಕ್‌ಗೆ ಕಚ್ಚಾ ಮಾಲು. ನಮಗೆ ಪೈಂಟಿಗೆ ಬೇಕಾಗುವುದು ಮೂರೂ ಬೆರೆತದ್ದು.

ಜೈಲೀನೇ ಯಾಕೆ, ಎನ್‌ಸಿ ಥಿನ್ನರ್ (ಲ್ಯಾಕರಿಗೆ ಹಾಕುವ ನೈಟ್ರೋಸೆಲ್ಯುಲೋಸ್ ಥಿನ್ನರ್) ಸಾಕಲ್ವಾ ಅಂತ ಕೇಳುವವರಿದ್ದಾರೆ. ಸಾಲುವುದಿಲ್ಲ. ಎನ್‌ಸಿ ಥಿನ್ನರಿನಲ್ಲಿ ಬೇಗ ಹಾರುವ ದ್ರಾವಕಗಳೇ ಜಾಸ್ತಿ. ಬೇಗ ಹಾರಿದರೆ ಬಳಿದ ಮೇಲ್ಮೈ ತಣ್ಣಗಾಗುತ್ತದೆ. ನಮ್ಮ ಊರಿನ ಗಾಳಿಯಲ್ಲಿ ತೇವ ಯಾವಾಗಲೂ ಇರುವುದರಿಂದ ಅದು ಅಲ್ಲೇ ಹನಿಗಟ್ಟಿ, ಪಾಲಿಶ್ ಮೇಲೆ ಬೆಳ್ಳಗೆ ಮಬ್ಬು ಕೂರುತ್ತದೆ. ಮಳೆಗಾಲದಲ್ಲಿ ಬಾಗಿಲಿಗೆ ಲ್ಯಾಕರ್ ಹೊಡೆದವರಿಗೆಲ್ಲ ಆ ಬಿಳಿ ಪರಿಚಯ. ಜೈಲೀನ್ ನಿಧಾನ. ಟಾಲುಯೀನ್ ಅನ್ನುವ ಇನ್ನೊಂದು ದ್ರಾವಕ ಇದರ ಎರಡು ಪಟ್ಟಿಗಿಂತ ವೇಗವಾಗಿ ಹಾರುತ್ತದೆ. ನಿಧಾನ ಹಾರುವುದರಿಂದ ಪೈಂಟು ಹರಡಿಕೊಳ್ಳಲಿಕ್ಕೆ ಸಮಯ ಸಿಗುತ್ತದೆ, ಬ್ರಷ್ ಗೆರೆ ಕೂಡಿಕೊಳ್ಳುತ್ತದೆ, ಮೂಲೆಯಲ್ಲಿ ಬೆಸುಗೆ ಗುರುತಿನ ಮೇಲೆ ಕೂಡ ಪದರ ಸರಿಯಾಗಿ ಕೂರುತ್ತದೆ. ಎಷ್ಟು ಹಾಕಬೇಕು ಅನ್ನುವುದನ್ನು ಪೈಂಟಿನ ಕಂಪನಿಯ ಹಾಳೆ ನೋಡಿಯೇ ಹಾಕಿ. ಸಾಮಾನ್ಯವಾಗಿ 5ರಿಂದ 10 ಶೇಕಡಾ ಇರುತ್ತದೆ. ಬೇಗ ಮುಗಿಸಬೇಕು ಅಂತ ಜಾಸ್ತಿ ಸುರಿದರೆ ಪದರ ತೆಳುವಾಗುತ್ತದೆ, ಮುಂದಿನ ಮಳೆಗೇ ತುಕ್ಕು ಹೊರಗೆ ಬರುತ್ತದೆ. ಕೆಲವು ಎಪಾಕ್ಸಿಗೆ ಜೈಲೀನ್ ಜೊತೆ ಬ್ಯುಟನಾಲ್ ಅನ್ನುವ ದ್ರಾವಕ ಕೂಡ ಬೇಕು. ಅಂಥದ್ದಕ್ಕೆ ಅದೇ ಕಂಪನಿಯ ಥಿನ್ನರ್ ತಗೊಳ್ಳುವುದು ಒಳ್ಳೆಯದು.

ಇನ್ನೊಂದು ವಿಷಯ. ಜೈಲೀನ್ ಎಣ್ಣೆ, ಗ್ರೀಸ್, ಹಳೆಯ ಎನಾಮೆಲ್ ಜಿಡ್ಡು ಎಲ್ಲ ತೆಗೆಯುತ್ತದೆ. ಆದರೆ ಉಪ್ಪು ತೆಗೆಯುವುದಿಲ್ಲ! ಉಪ್ಪು ಕರಗುವುದು ನೀರಿನಲ್ಲಿ. ಸಮುದ್ರದ ಬದಿಯ ಗೇಟಿನ ಮೇಲೆ ಕಣ್ಣಿಗೆ ಕಾಣದ ಉಪ್ಪಿನ ಪದರ ಇರುತ್ತದೆ, ಬೋಟಿನ ಕಬ್ಬಿಣದ ಮೇಲಂತೂ ಕೈಯಲ್ಲಿ ಸವರಿದರೆ ಸಿಗುತ್ತದೆ. ಎಷ್ಟೋ ಪೈಂಟರುಗಳು ಜೈಲೀನ್ ಬಟ್ಟೆಯಲ್ಲಿ ಒರೆಸಿ, ಕ್ಲೀನ್ ಆಯಿತು ಅಂತ ಪ್ರೈಮರ್ ಹೊಡೆಯುತ್ತಾರೆ. ಕೆಲವೇ ತಿಂಗಳಲ್ಲಿ ಪೈಂಟಿನ ಅಡಿಯಿಂದ ಗುಳ್ಳೆ ಏಳುತ್ತದೆ. ಬೈಗುಳ ತಿನ್ನುವುದು ಪೈಂಟು ಕಂಪನಿ. ಮೊದಲು ಬಾವಿ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಬಿಸಿಲಿಗೆ ಪೂರ್ತಿ ಒಣಗಲಿ, ಉಜ್ಜಿ, ಧೂಳು ತೆಗೆದು ಕೊನೆಗೆ ಜೈಲೀನಿನಲ್ಲಿ ಒರೆಸಿ. ಗಾಳಿಯ ತೇವ 85 ಶೇಕಡಾ ದಾಟಿದ ದಿನ ಎಪಾಕ್ಸಿ ಹೊಡೆಯಬೇಡಿ. ಕಬ್ಬಿಣದ ಬಿಸಿ ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು ಅನ್ನುವುದು ಈ ಕೆಲಸದ ನಿಯಮ. ಜುಲೈ ತಿಂಗಳಲ್ಲಿ ನಮ್ಮಲ್ಲಿ ಅಂಥ ದಿನ ಸಿಗುವುದೇ ಕಷ್ಟ. ಗಿರಾಕಿ ಎಷ್ಟೇ ಒತ್ತಾಯ ಮಾಡಲಿ, ನಾವು ಕಾಯುತ್ತೇವೆ.

ಈಗ ಬೆಂಕಿಯ ಮಾತು. ಜೈಲೀನಿನ ಫ್ಲಾಶ್ ಪಾಯಿಂಟ್ ಸುಮಾರು 27 ಡಿಗ್ರಿ. ಅಂದರೆ ಆ ಬಿಸಿಯಲ್ಲಿ ದ್ರವದ ಮೇಲೆ ನಿಲ್ಲುವ ಆವಿಗೆ ಒಂದು ಕಿಡಿ ಸಾಕು. ಸೀಮೆಎಣ್ಣೆಗೆ ಇದು ಕನಿಷ್ಠ 35 ಇರಬೇಕು ಅಂತ ಸರ್ಕಾರದ ಮಾನದಂಡವೇ ಇದೆ. ತಣ್ಣಗಿನ ದೇಶದವರು ಬರೆದ ಪುಸ್ತಕದಲ್ಲಿ ‘ಕೋಣೆಯ ಉಷ್ಣತೆಯಲ್ಲಿ ಅಪಾಯ ಕಡಿಮೆ’ ಅನ್ನುವ ಧಾಟಿ ಇದ್ದರೆ ಅದು ನಮಗೆ ಹೊಂದುವುದಿಲ್ಲ ಮಾರಾಯ್ರೆ. ಇಲ್ಲಿ ಮಾರ್ಚಿನಿಂದ ಮೇವರೆಗೆ ಹಗಲು 32, 33 ಡಿಗ್ರಿ ಮಾಮೂಲು. ತಗಡಿನ ಶೆಡ್ಡಿನ ಒಳಗೆ ಇನ್ನೂ ಜಾಸ್ತಿ. ಹಾಗಾಗಿ ನಮ್ಮಲ್ಲಿ ಮುಚ್ಚಳ ತೆಗೆದ ಡಬ್ಬ ಯಾವಾಗಲೂ ಹೊತ್ತಿಕೊಳ್ಳಲು ತಯಾರಾಗಿಯೇ ಇರುತ್ತದೆ. ಆವಿ ಗಾಳಿಗಿಂತ ಮೂರೂವರೆ ಪಟ್ಟಿಗೂ ಭಾರ. ಅದು ಮೇಲೆ ಹೋಗಿ ಚದುರುವುದಿಲ್ಲ, ನೆಲ ಹಿಡಿದು ಹರಿದು ಮೆಟ್ಟಿಲು ಇಳಿದು, ಚರಂಡಿ ಸೇರಿ, ದೂರದಲ್ಲಿ ಯಾರೋ ಗ್ರೈಂಡರ್ ಹಿಡಿದಲ್ಲಿಗೆ ಮುಟ್ಟುತ್ತದೆ. ನಮ್ಮಂಥ ಶೆಡ್ಡುಗಳಲ್ಲಿ ವೆಲ್ಡಿಂಗ್ ಮತ್ತು ಪೈಂಟಿಂಗ್ ಒಂದೇ ಸೂರಿನಡಿ ನಡೆಯುವುದು ಮಾಮೂಲು. ಅದನ್ನು ಬೇರೆ ಮಾಡಲೇಬೇಕು. ಪೈಂಟು ಹೊಡೆಯುವ ದಿನ ನಮ್ಮಲ್ಲಿ ವೆಲ್ಡಿಂಗ್ ಇಲ್ಲ.

ಸುರಿಯುವಾಗ ಪ್ಲಾಸ್ಟಿಕ್ ಬಕೆಟ್ ಬೇಡ. ಜೈಲೀನಿನಲ್ಲಿ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ, ಸುರಿಯುವ ರಭಸಕ್ಕೆ ಸ್ಟ್ಯಾಟಿಕ್ ಚಾರ್ಜ್ ಹುಟ್ಟಿ ಅಲ್ಲೇ ನಿಲ್ಲುತ್ತದೆ. ಲೋಹದ ಪಾತ್ರೆ ಇಟ್ಟು, ಡಬ್ಬದ ಬಾಯಿ ಪಾತ್ರೆಗೆ ತಾಗಿಸಿ, ನಿಧಾನ ಸುರಿಯಿರಿ. ಹೊತ್ತಿಕೊಂಡರೆ ನೀರು ಎರಚಬೇಡಿ. ನೀರಿನ ಮೇಲೆ ತೇಲಿಕೊಂಡು ಬೆಂಕಿಯೇ ಹರಡುತ್ತದೆ. ಡ್ರೈ ಪೌಡರ್, ಫೋಮ್ ಅಥವಾ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಕೈಗೆ ಸಿಗುವ ಜಾಗದಲ್ಲಿ ಇರಬೇಕು.

ಉಸಿರಿನ ವಿಷಯದಲ್ಲಿ ನಮ್ಮ ಜನ ಸುಮ್ನೆ ಉದಾಸೀನ ಮಾಡುತ್ತಾರೆ, ನನಗೆ ನಿಜವಾಗಿ ಬೇಸರ ಆಗುವುದು ಇಲ್ಲಿಯೇ. 1948ರ ಕಾರ್ಖಾನೆ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಜೈಲೀನಿಗೆ ಮಿತಿ ಹಾಕಿದ್ದರು. 8 ಗಂಟೆಯ ಸರಾಸರಿ 100 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 100 ಪಾಲು ಆವಿ), ಸ್ವಲ್ಪ ಹೊತ್ತಿಗೆ 150. ಇದು ಎಷ್ಟು ಕಡಿಮೆ ಅಂತ ಲೆಕ್ಕ ಹಾಕಿ ನೋಡಿ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆ ಅಂದರೆ 28 ಘನ ಮೀಟರ್ ಗಾಳಿ. ಅಲ್ಲಿ ಕಿಟಕಿ ಮುಚ್ಚಿ ಬರೀ 100 ಮಿಲಿ ಜೈಲೀನ್ ಆವಿಯಾದರೆ, ಅಂದರೆ ಅರ್ಧ ಲೋಟ, ಗಾಳಿಯಲ್ಲಿ ಸುಮಾರು 700 ಪಿಪಿಎಂ ಆಗುತ್ತದೆ. ಜೀವಕ್ಕೇ ತಕ್ಷಣ ಅಪಾಯ ಅಂತ ಅಮೆರಿಕದ ಕೆಲಸಗಾರರ ಸುರಕ್ಷತೆಯ ಸರ್ಕಾರಿ ಸಂಸ್ಥೆ ನಿಯೋಶ್ ಹೇಳಿರುವ ಮಟ್ಟ 900. ಮಳೆ ಬರುತ್ತದೆ ಅಂತ ಕಿಟಕಿ ಬಾಗಿಲು ಹಾಕಿ ಒಳಗಿನ ಗ್ರಿಲ್‌ಗೆ ಪೈಂಟು ಹೊಡೆಯುವವರು ಈ ಲೆಕ್ಕ ನೆನಪಿಡಿ. ತಲೆನೋವು, ತಲೆಸುತ್ತು, ಕಣ್ಣುರಿ, ವಾಕರಿಕೆ ಬಂದರೆ ಅದು ‘ಅಭ್ಯಾಸ ಆಗುತ್ತದೆ’ ಅನ್ನುವ ವಿಷಯ ಅಲ್ಲ. ಸ್ವಲ್ಪ ಹೊತ್ತಿಗೆ ವಾಸನೆ ಗೊತ್ತಾಗದೆ ಇರುವುದು ಮೂಗು ಸೋತದ್ದರಿಂದ. ಗಾಳಿ ಚೊಕ್ಕ ಆಗಿಲ್ಲ. ಸಂಜೆ ಕೆಲಸ ಬಿಟ್ಟು ನೇರ ಕುಡಿಯಲು ಹೋಗುವವರಿಗೆ ಒಂದು ಮಾತು: ಮದ್ಯ ಹೊಟ್ಟೆಯಲ್ಲಿದ್ದರೆ ದೇಹ ಜೈಲೀನನ್ನು ಹೊರಗೆ ಹಾಕುವುದು ನಿಧಾನವಾಗುತ್ತದೆ.

ಧೂಳಿನ ಮಾಸ್ಕ್, ಎನ್95, ಮುಖಕ್ಕೆ ಕಟ್ಟಿದ ಬೈರಾಸು, ಯಾವುದೂ ಆವಿಯನ್ನು ತಡೆಯುವುದಿಲ್ಲ. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ನಮ್ಮ ತೇವದ ಗಾಳಿಯಲ್ಲಿ ಅದರೊಳಗಿನ ಇದ್ದಿಲು ನೀರನ್ನೂ ಹೀರಿಕೊಂಡು ಬೇಗ ಮುಗಿಯುತ್ತದೆ. ಕೆಲಸ ಆದ ಮೇಲೆ ಮೊಳೆಗೆ ನೇತು ಹಾಕಬೇಡಿ, ಗಾಳಿಯಾಡದ ಜಿಪ್ ಚೀಲದಲ್ಲಿ ಇಡಿ. ಗ್ಲೌಸ್ ಕೂಡ ಹಾಗೆಯೇ. ಲ್ಯಾಟೆಕ್ಸ್ ಗ್ಲೌಸ್ ಜೈಲೀನಿಗೆ ಉಬ್ಬಿ ಬಾಗಿ ಅಂಟಂಟಾಗುತ್ತದೆ. ತೆಳು ನೈಟ್ರೈಲ್ ಕೂಡ ಎರಚಿದ್ದಕ್ಕೆ ಮಾತ್ರ. ತಾಗಿದ ಕೂಡಲೇ ಬದಲಾಯಿಸಬೇಕು. ಗನ್ ಬಿಚ್ಚಿ ಜೈಲೀನಿನಲ್ಲಿ ಕೈ ಅದ್ದುವ ಕೆಲಸಕ್ಕೆ ವೈಟಾನ್ ಅನ್ನುವ ವಿಶೇಷ ರಬ್ಬರಿನ ಅಥವಾ ಬಹುಪದರದ ಲ್ಯಾಮಿನೇಟ್ ಗ್ಲೌಸ್ ಬೇಕು, ದುಬಾರಿ ನಿಜ. ಕೈಯ ಬಣ್ಣ ತೆಗೆಯಲಿಕ್ಕೆ ಜೈಲೀನ್ ಹಚ್ಚುವ ಅಭ್ಯಾಸ ಬಿಟ್ಟುಬಿಡಿ. ಚರ್ಮದ ಎಣ್ಣೆಯೆಲ್ಲ ಹೋಗಿ ಬಿರುಕು ಬೀಳುತ್ತದೆ. ತೆಂಗಿನೆಣ್ಣೆ ಉಜ್ಜಿ ಸೋಪು ಹಾಕಿದರೆ ಎನಾಮೆಲ್ ಹೋಗುತ್ತದೆ.

ಬಂದರಿನ ಅಂಗಡಿ ನನಗೆ ಇಷ್ಟ ಆಗಲು ಕಾರಣ ಇದೆ. ಕಂಪನಿಯ ಸೀಲ್ ಇರುವ ತಗಡಿನ ಡಬ್ಬವನ್ನೇ ಕೊಡುತ್ತಾರೆ. ಅದರ ಮೇಲೆ ಹೆಸರು, ಬ್ಯಾಚ್, ಬೆಂಕಿಯ ಗುರುತು, ಸಾಗಾಟದಲ್ಲಿ ಜೈಲೀನನ್ನು ಗುರುತಿಸುವ ಯುಎನ್ 1307 ಅನ್ನುವ ಸಂಖ್ಯೆ ಎಲ್ಲ ಸ್ಪಷ್ಟವಾಗಿರುತ್ತದೆ. ಸೇಫ್ಟಿ ಡೇಟಾ ಶೀಟ್ ಕೇಳಿದರೆ ಮುಖ ಸಿಂಡರಿಸದೆ ಪ್ರಿಂಟ್ ಕೊಟ್ಟರು. ಬಿಲ್ಲೂ ಕೊಡುತ್ತಾರೆ. ರೇಟು ಬಿಡಿ ಥಿನ್ನರ್‌ಗಿಂತ ಸ್ವಲ್ಪ ಜಾಸ್ತಿ. ಅದಕ್ಕೆ ನನ್ನ ತಕರಾರಿಲ್ಲ. ಬಿಡಿಯಾಗಿ ಸಿಗುವ ಅಗ್ಗದ ಥಿನ್ನರಿನಲ್ಲಿ ಏನೇನು ಬೆರೆತಿದೆ ಅಂತ ಗೊತ್ತಿರುವುದಿಲ್ಲ. ಬೆಂಜೀನ್ ಇದ್ದರಂತೂ ಅದು ರಕ್ತದ ಕ್ಯಾನ್ಸರಿಗೆ ಕಾರಣ ಅಂತ ಸಾಬೀತಾದ ವಸ್ತು. ಜೈಲೀನ್ ಆ ಪಟ್ಟಿಯಲ್ಲಿ ಇಲ್ಲ. ಹೆಸರು ಸಾಲಿನಲ್ಲಿ ಹತ್ತಿರ ಕಂಡರೂ ಎರಡೂ ಒಂದೇ ಅಲ್ಲ.

ನಮ್ಮ ಕಡೆಯ ಇನ್ನೊಂದು ಅಂಗಡಿಯವರು ಒಮ್ಮೆ ನಮ್ಮ ಹುಡುಗನಿಗೆ ಜೈಲೀನನ್ನು ನೀರಿನ ಬಾಟಲಿಯಲ್ಲಿ ತುಂಬಿಸಿ ಕಳಿಸಿದ್ದರು. ಲೇಬಲ್ ಕೂಡ ನೀರಿನದ್ದೇ. ಬಾಟಲಿ ಬೆಂಚಿನ ಮೇಲೆ ಇತ್ತು, ಸೆಕೆಯ ಮಧ್ಯಾಹ್ನ, ಎಲ್ಲರಿಗೂ ಬಾಯಾರಿಕೆ. ಯಾರೂ ಎತ್ತಿ ಕುಡಿಯಲಿಲ್ಲ ಅನ್ನುವುದು ಅದೃಷ್ಟ. ನಾನು ಅಂದೇ ಹೋಗಿ ಜೋರಾಗಿ ಹೇಳಿ ಬಂದೆ, ಆ ಮೇಲೆ ಅಲ್ಲಿಂದ ಏನೂ ತಂದಿಲ್ಲ. ಇದನ್ನು ನುಂಗಿದವರಿಗೆ ವಾಂತಿ ಮಾಡಿಸಬಾರದು, ಉಪ್ಪುನೀರು ಕುಡಿಸಬಾರದು. ವಾಂತಿಯಾಗುವಾಗ ಸ್ವಲ್ಪ ಶ್ವಾಸಕೋಶಕ್ಕೆ ಇಳಿದರೂ ನ್ಯುಮೋನಿಯಾ ಆಗುತ್ತದೆ, ಜೀವಕ್ಕೇ ಬರಬಹುದು. ಡಬ್ಬ ಅಥವಾ ಲೇಬಲ್ ಹಿಡಿದುಕೊಂಡು ನೇರ ಆಸ್ಪತ್ರೆಗೆ ಹೋಗಬೇಕು. ಕಣ್ಣಿಗೆ ಬಿದ್ದರೆ 15 ನಿಮಿಷ ಬಿಡದೆ ನೀರು ಹಾಕಿ, ಆಮೇಲೆ ಡಾಕ್ಟರ್.

ಬಂದರಿನ ಅಂಗಡಿಯ ಮೇಲೆ ನನಗಿರುವ ದೂರು ಎರಡು. 1 ಲೀಟರಿನ ಸೀಲ್ ಡಬ್ಬ ಅವರಲ್ಲಿ ಇಲ್ಲ, ಮನೆಯ ಒಂದು ಗೇಟಿಗೆ ಬೇಕಾದವರಿಗೂ 5 ಲೀಟರೇ ತಗೊಳ್ಳಬೇಕು. ಉಳಿದ ನಾಲ್ಕು ಲೀಟರ್ ಮನೆಯ ಅಟ್ಟದಲ್ಲಿ ಕೂತಿರುವುದು ಒಳ್ಳೆಯದಲ್ಲ. ಎರಡನೆಯದು, ತೊಳೆದು ಕೊಳೆಯಾದ ಜೈಲೀನನ್ನು ವಾಪಸ್ ತಗೊಳ್ಳುವ ವ್ಯವಸ್ಥೆ ಇಲ್ಲ. ಇದು ಸಣ್ಣ ವಿಷಯ ಅಲ್ಲ. ನಮ್ಮ ಕಡೆ ಮನೆಮನೆಗೆ ಬಾವಿ, ಅಡಿಯಲ್ಲಿ ತೂತು ತೂತಿನ ಮುರಕಲ್ಲು. ಹಿತ್ತಲಿಗೆ ಚೆಲ್ಲಿದ್ದು ಕೆಳಗೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗೆ ನೋಡಿದರೆ ಒಂದು ಲೀಟರ್ ಜೈಲೀನ್ ಹದಿನೇಳು ಲಕ್ಷ ಲೀಟರ್ ನೀರನ್ನು ಆ ಮಿತಿಗೆ ಮುಟ್ಟಿಸಲು ಸಾಕು. ನಾವು ಕೊಳೆ ಜೈಲೀನನ್ನು ಮುಚ್ಚಳ ಇರುವ ತಗಡಿನ ಡಬ್ಬದಲ್ಲಿ ಇಟ್ಟು, ಬಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮೊದಲ ತೊಳೆತಕ್ಕೆ ಪುನಃ ಬಳಸುತ್ತೇವೆ. ಕೊನೆಗೆ ಉಳಿಯುವ ಗಸಿ ಅಪಾಯಕಾರಿ ತ್ಯಾಜ್ಯ. ಅದನ್ನು ಅನುಮತಿ ಇರುವವರಿಗೇ ಕೊಡಬೇಕು. ಸಣ್ಣ ಶೆಡ್ಡಿನವರು ಒಬ್ಬೊಬ್ಬರೇ ಕೊಟ್ಟರೆ ಖರ್ಚು ಜಾಸ್ತಿ. ಅಂಗಡಿಯವರೇ ಎಲ್ಲರದ್ದೂ ಸೇರಿಸಿ ಕಳಿಸಿದರೆ ಹಗುರವಾಗುತ್ತದೆ. ಇದನ್ನು ಅವರಿಗೆ ಹೇಳಿದ್ದೇನೆ, ನೋಡೋಣ ಅಂದಿದ್ದಾರೆ.

ಸ್ಟಾರ್ ಕೊಡುವುದಾದರೆ ಮಾಲಿಗೆ ಐದಕ್ಕೆ ಐದು, ಅಂಗಡಿಗೆ ನಾಲ್ಕು. ಎಪಾಕ್ಸಿ ಅಥವಾ ಎನಾಮೆಲ್ ಕೆಲಸ ನಿರಂತರ ಇರುವವರು, ಗಾಳಿ ಓಡಾಡುವ ಜಾಗ ಇರುವವರು ತಗೊಳ್ಳಬಹುದು. ಮನೆಯಲ್ಲಿ ಬಸುರಿ ಹೆಂಗಸು, ಸಣ್ಣ ಮಕ್ಕಳು ಇದ್ದು ಒಳಗಿನ ಗ್ರಿಲ್‌ಗೆ ಬಣ್ಣ ಮಾಡಿಸುವವರು ನೀರಿನಲ್ಲಿ ಕರಗುವ ಪೈಂಟು ಕೇಳಿ, ಇದನ್ನು ತರಬೇಡಿ. ಥರ್ಮೋಕೋಲ್ ಅಥವಾ ಅಕ್ರಿಲಿಕ್ ಶೀಟಿನ ಮೇಲಿನ ಕಲೆ ತೆಗೆಯಲಿಕ್ಕೆ ಅಂತ ಕೇಳುವವರಿಗೂ ಅದೇ ಮಾತು: ಕಲೆಯ ಜೊತೆ ಶೀಟೂ ಹೋಗುತ್ತದೆ.