ರಾಟ್ಸಸನ್ ಹಾಕೋಕ್ ಮುಂಚೆ ಮನೇಲಿ ಮಕ್ಕಳು ಮಲಗಿದಾರಾ ನೋಡ್ಕೊಳಿ

ಹೋದ ಶನಿವಾರ ರಾತ್ರಿ ನಾನು ಮಾಡ್ಕೊಂಡ ಎಡವಟ್ಟು ಇದು, ಬೇರೆ ಯಾರೂ ಮಾಡ್ಬಾರ್ದು ಅಂತ ಬರೀತಿದೀನಿ.

ನನ್ನ ತಮ್ಮ ಚೆನ್ನೈನಲ್ಲಿ ಕೆಲಸದಲ್ಲಿದಾನೆ, ಫೋನ್ ಮಾಡಿದಾಗಲೆಲ್ಲ "ಅಕ್ಕಾ ರಾಟ್ಸಸನ್ ನೋಡಿದ್ಯಾ, ಇನ್ನೂ ನೋಡಿಲ್ವಾ" ಅಂತ ತಲೆ ತಿಂತಿದ್ದ. 2018ರ ತಮಿಳು ಸಿನಿಮಾ, ರಾಮ್‌ಕುಮಾರ್ ಡೈರೆಕ್ಷನ್, ವಿಷ್ಣು ವಿಶಾಲ್ ಹೀರೋ. ಇದೇ ಇಬ್ಬರು 2014ರಲ್ಲಿ ಮುಂಡಾಸುಪಟ್ಟಿ ಅಂತ ಒಂದು ಕಾಮಿಡಿ ಮಾಡಿದ್ರು, ಫೋಟೋ ತೆಗೆಸ್ಕೊಂಡ್ರೆ ಸತ್ತೋಗ್ತೀವಿ ಅಂತ ಹೆದರೋ ಊರಿನ ಕಥೆ, ಅದನ್ನ ಮನೆಮಂದಿಯೆಲ್ಲ ಬಿದ್ದೂ ಬಿದ್ದೂ ನಗಾಡ್ಕೊಂಡು ನೋಡಿದ್ವಿ. ಅದೇ ಧೈರ್ಯದ ಮೇಲೆ ಊಟ ಆದ್ಮೇಲೆ ಟೀವಿಗೆ ಹಾಕಿದೆ. ಸೋಫಾ ಮೇಲೆ ಅತ್ತೆ, ಪಕ್ಕದಲ್ಲಿ ಏಳನೇ ಕ್ಲಾಸ್ ಓದೋ ಮಗಳು. ಆಪ್‌ನಲ್ಲಿ ಮೂಲೇಲಿ ವಯಸ್ಸು ಹಾಕಿರ್ತಾರಲ್ಲ, ಅದನ್ನ ನೋಡೋ ಗೋಜಿಗೂ ಹೋಗ್ಲಿಲ್ಲ, ತಪ್ಪು ನಂದೇ.

ಶುರುವಲ್ಲಿ ಮಜವಾಗೇ ಇತ್ತು. ಹೀರೋಗೆ ಸಿನಿಮಾ ಡೈರೆಕ್ಟರ್ ಆಗೋ ಹುಚ್ಚು, ಸೀರಿಯಲ್ ಕಿಲ್ಲರ್‌ಗಳ ಬಗ್ಗೆ ಪೇಪರ್ ಕಟಿಂಗ್ ಎಲ್ಲ ಗೋಡೆ ತುಂಬ ಅಂಟಿಸ್ಕೊಂಡಿರ್ತಾನೆ, ಯಾರೂ ಚಾನ್ಸ್ ಕೊಡಲ್ಲ, ಕೊನೆಗೆ ಮನೆಯವರ ಒತ್ತಾಯಕ್ಕೆ ಪೊಲೀಸ್ ಕೆಲಸಕ್ಕೆ ಸೇರ್ತಾನೆ. ಅಲ್ಲಿ ನೋಡಿದ್ರೆ ಸ್ಕೂಲ್ ಹುಡುಗೀರು ಒಬ್ಬೊಬ್ಬರೇ ಕಾಣೆ ಆಗ್ತಿರ್ತಾರೆ, ಸಿಗೋದು ಚೆಂದವಾಗಿ ಪ್ಯಾಕ್ ಮಾಡಿದ ಒಂದು ಗಿಫ್ಟ್ ಬಾಕ್ಸು, ಒಳಗಡೆ ವಿಕಾರ ಮಾಡಿದ ಗೊಂಬೆ ತಲೆ. ಅಲ್ಲೇ ಆಫ್ ಮಾಡ್ಬೇಕಿತ್ತು ನಾನು. ಮಗಳು ನನ್ನ ಸೆರಗೊಳಗೆ ಮುಖ ಇಟ್ಕೊಂಡು ಒಂದು ಕಣ್ಣಲ್ಲಿ ನೋಡ್ತಿದ್ಲು, ನಾನೂ "ಸಿನಿಮಾ ಕಣೇ" ಅಂತ ಸುಮ್ನಾದೆ. ಆಮೇಲೆ ಒಬ್ಬ ಮೇಷ್ಟ್ರು ಬರ್ತಾನೆ ನೋಡಿ, ಮಾರ್ಕ್ಸ್ ಹೆಸರಲ್ಲಿ ಹುಡುಗೀರನ್ನ ಹೆದರಿಸೋನು, ಆ ಸೀನ್ ಕೊಲೆಗಿಂತ ಕೆಟ್ಟದಾಗಿದೆ, ರಕ್ತ ಒಂದು ಹನಿ ಇಲ್ಲ ಆದ್ರೂ ಹೊಟ್ಟೆ ತೊಳಸುತ್ತೆ. ಮಗಳು ಎದ್ದು "ಅಮ್ಮ ಸಾಕು" ಅಂದಾಗಲೇ ರಿಮೋಟ್ ಹುಡುಕಿದ್ದು. ಆ ರಾತ್ರಿ ಪೂರ್ತಿ ಲೈಟ್ ಉರೀತಿತ್ತು. ಬುಧವಾರ ಅವಳ ಅತ್ತೆ ಕಳಿಸಿದ್ದ ಬರ್ತ್‌ಡೇ ಗಿಫ್ಟ್ ಕೊರಿಯರ್‌ನಲ್ಲಿ ಬಂತು, ಬಣ್ಣದ ಪೇಪರ್ ಸುತ್ತಿದ ಡಬ್ಬ, ಮುಟ್ಟಲಿಲ್ಲ ಅವಳು. ಟ್ಯೂಷನ್ನಿಗೂ ಈಗ ನಾನೇ ಬಿಟ್ಟು ಬರ್ಬೇಕು.

ಹಾಗಂತ ಸಿನಿಮಾ ಚೆನ್ನಾಗಿಲ್ವಾ? ಅದೇ ತಮಾಷೆ. ಮಿಕ್ಕಿದ್ದನ್ನ ಮಾರನೇ ದಿನ ಹಗಲೊತ್ತಲ್ಲಿ, ಕುಕ್ಕರ್ ಕೂಗ್ತಿರುವಾಗ ಮೊಬೈಲ್‌ನಲ್ಲಿ ನೋಡಿದೆ, ಆಗ್ಲೂ ಗಿಬ್ರಾನ್ ಮ್ಯೂಸಿಕ್ ಕೇಳಿ ಬೆನ್ನು ತಣ್ಣಗಾಯ್ತು. ಹತ್ರ ಹತ್ರ 170 ನಿಮಿಷ ಇದೆ, ಕೂತ ಜಾಗದಿಂದ ಏಳೋಕಾಗಲ್ಲ. ಹೀರೋ ಹತ್ತು ಜನರನ್ನ ಹೊಡೆದು ಹಾರಿಸಲ್ಲ, ಸಣ್ಣ ಸಣ್ಣ ಸುಳಿವು ಹಿಡ್ಕೊಂಡು ಎಡವಿ ಎಡವಿ ಹೋಗ್ತಾನೆ, ಅವನಿಗೆ ಸೋಲಾದಾಗ ನಿಜವಾಗ್ಲೂ ನೋವಾಗುತ್ತೆ.

ಆದ್ರೆ ನನಗೆ ಸಿಟ್ಟು ಬಂದ ವಿಷಯಗಳೂ ಇದಾವೆ. ಸಾಯೋ ಹುಡುಗೀರಿಗೆ ಸಾಯೋದು ಬಿಟ್ರೆ ಸಿನಿಮಾದಲ್ಲಿ ಬೇರೆ ಕೆಲಸಾನೇ ಇಲ್ಲ, ಅವರ ಹೆಸರು ಕೂಡ ನಂಗೆ ನೆನಪುಳಿದಿಲ್ಲ. ಅಮಲಾ ಪೌಲ್ ಬರ್ತಾರೆ ಹೋಗ್ತಾರೆ. ಮೇಲಿನ ಲೇಡಿ ಆಫೀಸರ್ ಅಂತೂ ಹೀರೋ ಹೇಳಿದ್ದಕ್ಕೆಲ್ಲ ಅಡ್ಡ ಹಾಕೋಕೇ ಹುಟ್ಟಿರೋ ಹಾಗೆ, ಇಷ್ಟು ಮಕ್ಕಳು ಸಾಯ್ತಿರುವಾಗ ಯಾವ ಆಫೀಸರ್ ಅಷ್ಟು ಈಗೋ ಇಟ್ಕೊಂಡಿರ್ತಾರೆ ಹೇಳಿ. ಕೊಲೆಗಾರನ ಫ್ಲ್ಯಾಷ್‌ಬ್ಯಾಕ್ ಗಡಿಬಿಡೀಲಿ ಮುಗಿಸಿದಾರೆ, ಅದೂ ಚಿಕ್ಕಂದಿನಿಂದ ಇದ್ದ ಒಂದು ಕಾಯಿಲೆ, ಜನ ಆಡ್ಕೊಂಡಿದ್ದು, ಅದಕ್ಕೇ ಹಿಂಗಾದ ಅಂತ. ಪೂರ್ತಿ ಹೇಳಲ್ಲ, ಆದ್ರೆ ಅಂಥ ಕಾಯಿಲೆ ಇರೋ ಮಗು ಯಾರ ಮನೇಲಾದ್ರೂ ಇದ್ರೆ ಅವರಿಗೆ ಹೆಂಗನ್ಸುತ್ತೆ ಅಂತ ಬರೆದೋರು ಯೋಚನೆ ಮಾಡಿಲ್ಲ ಅನ್ನಿಸ್ತು. ಮುಗೀತು ಅಂದ್ಕೊಂಡ್ ಮೇಲೂ ಎಳೀತಾರೆ, ಅದೊಂದು ಬೇರೆ.

ಇನ್ನೊಂದು, ತಮಿಳು ಬೇಡ ಬೇರೆ ಭಾಷೇಲಿ ಸ್ವಲ್ಪ ಮೆತ್ತಗಿರುತ್ತೇನೋ ಅಂತ ಹೋಗ್ಬೇಡಿ, ತೆಲುಗಲ್ಲಿ 2019ರಲ್ಲಿ ರಾಕ್ಷಸುಡು, ಹಿಂದೀಲಿ 2022ರಲ್ಲಿ ಅಕ್ಷಯ್ ಕುಮಾರ್ ಮಾಡಿರೋ ಕಠ್‌ಪುತ್ಲಿ, ಎಲ್ಲ ಇದೇ ಕಥೆ. ದೊಡ್ಡೋರು ಒಬ್ಬರೇ ಕೂತು, ಬೇಕಾದ್ರೆ ಹಗಲೊತ್ತಲ್ಲೇ ನೋಡಿ. ಮಕ್ಕಳು ಪಕ್ಕದ ರೂಮಲ್ಲಿ ಎದ್ದಿದ್ರೂ ಬೇಡ, ಆ ಮ್ಯೂಸಿಕ್ ಗೋಡೆ ದಾಟಿ ಕೇಳುತ್ತೆ.

ತಮ್ಮನಿಗೆ ಫೋನ್ ಮಾಡಿ ಚೆನ್ನಾಗಿ ಬೈದೆ. "ಪಾಪುನ ಕೂರಿಸ್ಕೊಂಡು ನೋಡು ಅಂತ ನಾನು ಹೇಳಿದ್ನಾ ಅಕ್ಕಾ" ಅಂದ, ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಅತ್ತೆ ಮಾತ್ರ ದಿನಾ ಕಾಫಿ ಕುಡೀತಾ ಕೇಳ್ತಿದಾರೆ, "ಆ ಹಾಳಾದೋನು ಕೊನೆಗೆ ಸಿಕ್ಕಿದ್ನೇನೇ?"