ಕೆಳಗೆ ಕೂತ ಕಾರಿಗೆ ಯಾವ ಟ್ರೇಲರ್? ಎಳೆದು ನೋಡಿದ ಮೂರು, ಬಾಡಿಗೆಯದ್ದು ಒಂದು

ಮೊದಲೇ ಹೇಳಿಬಿಡುತ್ತೇನೆ, ನಾನು ಕೊಂಡದ್ದು ಟಿಲ್ಟ್ ಟ್ರೇಲರ್. ಎರಡು ಆಕ್ಸಲ್ (ಅಂದರೆ ಎರಡು ಜೋಡಿ ಚಕ್ರ), ಇಡೀ ಬೆಡ್, ಅಂದರೆ ಕಾರು ನಿಲ್ಲುವ ಹಲಗೆ, ಹಿಂದಕ್ಕೆ ಬಾಗಿ ನೆಲಕ್ಕೆ ತಾಗುತ್ತದೆ, ಕಾರು ಸೀದಾ ಹತ್ತುತ್ತದೆ. ಕೊಂಡು ಖುಷಿಯಾಗಿದ್ದೇನೆ. ಆದ್ದರಿಂದ ಈ ಹೋಲಿಕೆ ನಿಷ್ಪಕ್ಷಪಾತ ಅಂತ ಯಾರೂ ಅಂದುಕೊಳ್ಳಬೇಡಿ.

ಕಾರು ಪೋರ್ಷೆ ಬಾಕ್ಸ್‌ಸ್ಟರ್, 987 ತಲೆಮಾರಿನದು, ಸೆಕೆಂಡ್ ಹ್ಯಾಂಡ್. ತೂಕ ಹತ್ತಿರಹತ್ತಿರ 1,300 ಕೆಜಿ. ಎರಡೇ ಸೀಟು, ಎಂಜಿನ್ ಸೀಟಿನ ಹಿಂದೆ. ದಾವಣಗೆರೆಯಲ್ಲಿ ಇದನ್ನು ಓಡಿಸುವ ಸುಖ ಅಷ್ಟಕ್ಕಷ್ಟೇ. ನೆಲಕ್ಕೆ ಅಂಟಿಕೊಂಡ ಕಾರು, ಪ್ರತಿ ರೋಡ್ ಹಂಪ್‌ಗೂ ಓರೆಯಾಗಿ ಹತ್ತಿಸಬೇಕು, ಹಿಂದಿನ ಆಟೋದವನು ಹಾರ್ನ್ ಹೊಡೆಯುತ್ತಲೇ ಇರುತ್ತಾನೆ. ನಾನು ಇದನ್ನು ಇಟ್ಟುಕೊಂಡಿರುವುದು ಕೊಯಮತ್ತೂರಿನ ಪಕ್ಕ ಚೆಟ್ಟಿಪಾಳಯದಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇಗಾಗಿ. 2.1 ಕಿ.ಮೀ. ಉದ್ದದ ಪುಟ್ಟ ರೇಸ್ ಟ್ರ್ಯಾಕ್, ಆದರೆ ನಮ್ಮಂಥವರಿಗೆ ಅಷ್ಟು ಸಾಕು. ಬೆಂಗಳೂರು, ಹೊಸೂರು, ಸೇಲಂ ದಾಟಿ ಆರುನೂರು ಕಿಲೋಮೀಟರಿನಷ್ಟು ದೂರ. ಅಷ್ಟು ದೂರ ಓಡಿಸಿಕೊಂಡು ಹೋಗಿ, ದಿನವಿಡೀ ಟ್ರ್ಯಾಕಿನಲ್ಲಿ ಟೈರು, ಬ್ರೇಕು ಸವೆಸಿ, ಮತ್ತೆ ಅದರಲ್ಲೇ ವಾಪಸ್ ಬರುವುದು ನನ್ನ ವಯಸ್ಸಿನ ಕೆಲಸ ಅಲ್ಲ. ಎಳೆಯಲು ಮನೆಯಲ್ಲಿ ಇಸುಜು ವಿ-ಕ್ರಾಸ್ ಪಿಕಪ್ ಇತ್ತು. ಬೇಕಾಗಿದ್ದದ್ದು ಟ್ರೇಲರ್ ಮಾತ್ರ.

ಬಾಡಿಗೆ ಫ್ಲ್ಯಾಟ್‌ಬೆಡ್ ಲಾರಿ ವಿಷಯ ಬೇಗ ಮುಗಿಸುತ್ತೇನೆ. ವರ್ಷಕ್ಕೊಮ್ಮೆ ಸರ್ವಿಸಿಗೆ ಅಂತ ಬೆಂಗಳೂರಿಗೆ ಕಾರು ಕಳಿಸುವವರಿಗೆ ಇದೇ ಸರಿ. ಹೈಡ್ರಾಲಿಕ್ ಬೆಡ್ ಜಾರಿ ಕೆಳಗಿಳಿಯುತ್ತದೆ, ಕೆರೆಯುವುದಿಲ್ಲ, ಇನ್ಶೂರೆನ್ಸ್, ನಂಬರ್ ಪ್ಲೇಟ್ ಯಾವ ತಲೆನೋವೂ ಇಲ್ಲ. ಆದರೆ ಕೊಯಮತ್ತೂರಿಗೆ ಹೋಗಿ, ಎರಡು ದಿನ ಕಾದು, ವಾಪಸ್ ಬರಲು ನನಗೆ ಹೇಳಿದ ರೇಟು 40,000 ರೂಪಾಯಿ ದಾಟಿತ್ತು. ಮೇಲಾಗಿ ಬೆಳಗಿನ ಜಾವ ನಾಲ್ಕಕ್ಕೆ ಬರುತ್ತೇನೆ ಅಂದವರು ಎಂಟಕ್ಕೆ ಬಂದರೆ ಏನು ಮಾಡುವುದು? ನಾನು ನಾಲ್ಕಕ್ಕೆ ಅಂದರೆ ನಾಲ್ಕಕ್ಕೇ ಹೊರಡುವವನು. ಅಲ್ಲಿಗೆ ಅದು ಬೇಡ ಅಂತಾಯಿತು.

ಇನ್ನು ಊರಿನಲ್ಲೇ ಮಾಡಿಸಿದ ಟ್ರೇಲರ್. ಹರಿಹರದ ಗೆಳೆಯನೊಬ್ಬ ತನ್ನ ಹಳೇ ಜೀಪಿಗೆ ಅಂತ ಮಾಡಿಸಿಟ್ಟಿದ್ದ. ಟ್ರ್ಯಾಕ್ಟರ್ ಟ್ರಾಲಿ ಕಟ್ಟುವ ವೆಲ್ಡಿಂಗ್ ಶೆಡ್‌ನಲ್ಲಿ ಹುಟ್ಟಿದ್ದು. ಕಬ್ಬಿಣಕ್ಕೆ ಒಂದಿಷ್ಟೂ ಜಿಪುಣತನ ಮಾಡಿಲ್ಲ. ದಪ್ಪ ಸಿ ಚಾನಲ್, ಜೀಪಿನ ಚಕ್ರ, ಹತ್ತು ಎಲೆಯ ಪಟ್ಟಾ ಸ್ಪ್ರಿಂಗು. ನನಗೂ ಅಂಥದ್ದೇ ಮಾಡಿಕೊಡಲು ಕೇಳಿದ ದುಡ್ಡು 1,70,000. ಟಿಲ್ಟ್ ಟ್ರೇಲರಿನ ಅರ್ಧಕ್ಕೂ ಕಡಿಮೆ. ನಮ್ಮೂರಿನ ವೆಲ್ಡರ್‌ಗಳ ಕೈಯಲ್ಲಿ ಕಸುಬಿದೆ, ಅದರಲ್ಲಿ ಎರಡು ಮಾತಿಲ್ಲ. ಒಂದು ಜಾಯಿಂಟೂ ಬಿಟ್ಟುಕೊಂಡಿರಲಿಲ್ಲ. ಗೆಳೆಯ "ಸುಮ್ನೆ ದುಡ್ಡು ಕಳೀಬೇಡ, ಇದನ್ನೇ ಒಂದು ಸಲ ಒಯ್ದು ನೋಡು" ಅಂದ. ಒಯ್ದೆ.

ತೊಂದರೆ ಶುರುವಾದದ್ದು ಹತ್ತಿಸುವಲ್ಲಿ. ಈ ಒಂದು ವಿಷಯಕ್ಕೆ ಸ್ವಲ್ಪ ಜಾಸ್ತಿ ಜಾಗ ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಟ್ರೇಲರ್ ಮಾರುವವರು ಯಾರೂ ಇದನ್ನು ಹೇಳುವುದಿಲ್ಲ.

ಆ ಟ್ರೇಲರಿನ ಬೆಡ್ ನೆಲದಿಂದ 60 ಸೆಂ.ಮೀ. ಎತ್ತರ. ರ‍್ಯಾಂಪ್ (ಕಾರು ಹತ್ತಲು ಹಚ್ಚುವ ಓರೆ ಹಲಗೆ) ಆರಡಿ, ಅಂದರೆ ಸುಮಾರು 1.8 ಮೀಟರ್. ಲೆಕ್ಕ ಹಾಕಿದರೆ ಏರು 19 ಡಿಗ್ರಿ. ಜೀಪು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನನ್ನ ಕಾರಿನ ಮುಂದಿನ ಬಂಪರ್ 12 ಡಿಗ್ರಿ ದಾಟಿದರೆ ಕೆರೆಯುತ್ತದೆ, ಫೋನಿನ ಆ್ಯಪ್ ಇಟ್ಟು ಅಳೆದು ನೋಡಿದ್ದೇನೆ. ಸರಿ, ರ‍್ಯಾಂಪಿನ ಕೆಳಗೆ ಮರದ ಹಲಗೆ ಜೋಡಿಸಿದೆವು. ಬಂಪರ್ ಹೇಗೋ ಪಾರಾಯಿತು. ಮುಂದಿನ ಚಕ್ರ ಬೆಡ್ ಮೇಲೆ ಹೋದದ್ದೇ ತಡ, ರ‍್ಯಾಂಪ್ ಮತ್ತು ಬೆಡ್ ಸೇರುವ ಮೂಲೆಗೆ ಕಾರಿನ ಹೊಟ್ಟೆ ಕೂತುಬಿಟ್ಟಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ತಳದ ಪ್ಲಾಸ್ಟಿಕ್ ಕವರ್ ಕರಕರ ಅನ್ನುವ ಸದ್ದು ಕೇಳಿದವರಿಗೇ ಗೊತ್ತು ಆ ಸಂಕಟ.

ರ‍್ಯಾಂಪ್ ಉದ್ದ ಮಾಡಿಸಿದರೆ? ಎಂಟಡಿ ಮಾಡಿಸಿದರೂ 14 ಡಿಗ್ರಿ ಮೇಲೇ ಉಳಿಯುತ್ತದೆ. ಕಬ್ಬಿಣದ ಎಂಟಡಿ ರ‍್ಯಾಂಪನ್ನು ಒಬ್ಬನೇ ಎತ್ತಿ ಇಡುವುದೂ ಕಷ್ಟ, ಪ್ರಯಾಣದಲ್ಲಿ ಅದನ್ನು ಇಡಲು ಜಾಗವೂ ಬೇಕು. ಟ್ರೇಲರಿನ ಮೂತಿಯನ್ನು ಜಾಕ್ ಹಾಕಿ ಎತ್ತಿದರೆ ಹಿಂಭಾಗ ತಗ್ಗುತ್ತದೆ, ಇದು ಸ್ವಲ್ಪ ಕೆಲಸ ಮಾಡುತ್ತದೆ. ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಹಳ್ಳಿಯ ಉಪಾಯ. ಟ್ರ್ಯಾಕ್ಟರನ್ನು ಲಾರಿಗೆ ಹತ್ತಿಸಲು ನಮ್ಮ ಕಡೆ ಮಣ್ಣಿನ ದಿಬ್ಬ ಹುಡುಕುತ್ತಾರಲ್ಲ, ಹಾಗೆ. ಆನಗೋಡಿನ ಕಡೆ ಒಬ್ಬರ ಹೊಲದ ಅಂಚಿನಲ್ಲಿ ಅಂಥ ದಿಬ್ಬ ಇತ್ತು. ಟ್ರೇಲರನ್ನು ಹಿಮ್ಮುಖ ತಂದು ದಿಬ್ಬಕ್ಕೆ ಒತ್ತಿ ನಿಲ್ಲಿಸಿದರೆ ಕಾರು ಮಟ್ಟವಾಗಿ ಒಳಗೆ ಹೋಗುತ್ತದೆ. ಚೆಂದ! ಆದರೆ ಚೆಟ್ಟಿಪಾಳಯದಲ್ಲಿ ಇಳಿಸಲು ದಿಬ್ಬ ಎಲ್ಲಿಂದ ತರೋಣ?

ಹತ್ತಿಸಿದ ಮೇಲೆ ಇನ್ನೊಂದು ಕಥೆ. ಜೀಪಿನ ದೊಡ್ಡ ಚಕ್ರ ಅಲ್ವಾ, ಅದರ ಮಡ್‌ಗಾರ್ಡ್ ಬೆಡ್‌ಗಿಂತ ಒಂದಡಿ ಮೇಲೆ ನಿಂತಿರುತ್ತದೆ. ನನ್ನ ಕಾರಿನ ಅಗಲ 1.8 ಮೀಟರ್, ಎರಡೂ ಕಡೆ ಗೇಣು ಜಾಗವೂ ಉಳಿಯುವುದಿಲ್ಲ. ಎರಡು ಬಾಗಿಲಿನ ಕಾರಿಗೆ ಬಾಗಿಲು ಉದ್ದ, ನೆಲಕ್ಕೆ ಹತ್ತಿರ. ಅದು ಮಡ್‌ಗಾರ್ಡಿಗೆ ಹೊಡೆದು ನಾಲ್ಕು ಬೆರಳಷ್ಟು ತೆರೆಯುತ್ತದೆ, ಅಷ್ಟೇ. ಪುಣ್ಯಕ್ಕೆ ನನ್ನದು ಬಟ್ಟೆಯ ಟಾಪಿನದು. ಟಾಪ್ ತೆಗೆದು, ಸೀಟಿನ ಮೇಲೆ ನಿಂತು, ಕೋತಿಯ ಹಾಗೆ ಹೊರಗೆ ಜಿಗಿದೆ. ಗೆಳೆಯನ ಮಗ ವಿಡಿಯೋ ಬೇರೆ ಮಾಡಿಕೊಂಡ. ಕೂಪೆ (ಗಟ್ಟಿ ಛಾವಣಿಯ ಎರಡು ಬಾಗಿಲಿನ ಕಾರು) ಇಟ್ಟವರು ಏನು ಮಾಡುತ್ತಾರೋ ದೇವರೇ ಬಲ್ಲ. ಮಡ್‌ಗಾರ್ಡ್ ತಪ್ಪಿಸಲು ಬೆಡ್ಡನ್ನು ಚಕ್ರದ ಮೇಲೆ ಕಟ್ಟಬಹುದು, ಆದರೆ ಆಗ ಬೆಡ್ ಇನ್ನೂ ಎತ್ತರವಾಗಿ ರ‍್ಯಾಂಪಿನ ಏರು ಮತ್ತೂ ಜಾಸ್ತಿ. ಚಕ್ರ ಚಿಕ್ಕದಾಗದೆ ಈ ಗಂಟು ಬಿಡುವುದಿಲ್ಲ.

ಸ್ಪ್ರಿಂಗಿನ ಬಗ್ಗೆ ಒಂದೇ ಮಾತು. ಅದು ಮೆಕ್ಕೆಜೋಳದ ಲೋಡಿಗೆ ಯೋಚಿಸಿ ಹಾಕಿದ ಸ್ಪ್ರಿಂಗು, 1,300 ಕೆಜಿಗೆ ಅದು ಬಾಗುವುದೇ ಇಲ್ಲ. ಮತ್ತೆ ಬ್ರೇಕ್ ಇರಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೂರನೆಯದು ಮುಚ್ಚಿದ ಡಬ್ಬದ ಟ್ರೇಲರ್. ಬೆಂಗಳೂರಿನ ಪರಿಚಯದವರೊಬ್ಬರದು, ಕೊಯಮತ್ತೂರಿನಿಂದ ಬರುವಾಗ ಕೊಟ್ಟು ಕಳಿಸಿದ್ದರು. ನೋಡಲು ರಾಜಗಾಂಭೀರ್ಯ. ಮಳೆ, ಧೂಳು, ಲಾರಿ ಟೈರಿನಿಂದ ಹಾರುವ ಕಲ್ಲು ಯಾವುದೂ ತಾಗುವುದಿಲ್ಲ. ಟೀಗೆ ನಿಲ್ಲಿಸಿದರೆ ಜನ ಸೇರುವುದಿಲ್ಲ. ತೆರೆದ ಟ್ರೇಲರಿನಲ್ಲಿ ಹಿರಿಯೂರಿನ ಢಾಬಾದಲ್ಲಿ ನಿಲ್ಲಿಸಿದಾಗ "ಅಣ್ಣಾ, ಎಷ್ಟು ರೇಟು, ಎಷ್ಟು ಮೈಲೇಜು" ಅಂತ ಕೇಳುವವರಿಗೆ ಉತ್ತರ ಕೊಡುವಷ್ಟರಲ್ಲಿ ಟೀ ತಣ್ಣಗಾಗಿರುತ್ತದೆ.

ಆದರೆ ಗಾಳಿ. ಹಿರಿಯೂರು ದಾಟಿ ಐಮಂಗಲದ ಕಡೆ ಬಂದರೆ ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲು ಸಾಲು ಗಾಳಿಯಂತ್ರ ಕಾಣುತ್ತವಲ್ಲ, ಅವನ್ನು ಅಲ್ಲಿ ಚೆಂದಕ್ಕೆ ನೆಟ್ಟಿಲ್ಲ. ನಾವು ಬಂದದ್ದು ಆಷಾಢದಲ್ಲಿ. ಪಕ್ಕದಿಂದ ಬೀಸುವ ಗಾಳಿಗೆ ಆ ಡಬ್ಬದ ಗೋಡೆ ಹತ್ತು ಚದರ ಮೀಟರಿನ ಹಾಯಿ. ಮೊದಲು ಸಣ್ಣಗೆ ಅಲುಗಿತು, ಒಂದು ಬಸ್ಸು ಓವರ್‌ಟೇಕ್ ಮಾಡಿದ ಮೇಲೆ ಪಿಕಪ್ಪಿನ ಬಾಲವನ್ನೇ ಆಡಿಸತೊಡಗಿತು. ಹೀಗಾದಾಗ ಸ್ಟೀರಿಂಗ್ ಅತ್ತಿತ್ತ ತಿರುಗಿಸಿ ಸರಿಪಡಿಸಲು ಹೋಗಬಾರದು, ಜೋರಾಗಿ ಬ್ರೇಕ್ ಒತ್ತಲೂಬಾರದು. ಸ್ಟೀರಿಂಗ್ ನೇರ ಹಿಡಿದು, ಆ್ಯಕ್ಸಿಲರೇಟರಿನಿಂದ ಕಾಲು ತೆಗೆದು, ವೇಗ ತಾನೇ ಇಳಿಯಲು ಬಿಡಬೇಕು. ಬಿಟ್ಟೆ. ಅಲ್ಲಿಂದ ಮನೆಯವರೆಗೂ 60ರ ಮೇಲೆ ಹೋಗಲಿಲ್ಲ. ಡಬ್ಬದ ಸ್ವಂತ ತೂಕವೇ ಒಂದು ಟನ್ ದಾಟುತ್ತದೆ, ಡೀಸೆಲ್ ಮುಳ್ಳು ಇಳಿಯುವುದು ಕಣ್ಣಿಗೇ ಕಾಣುತ್ತದೆ. ಬೆಲೆಯೂ ನನ್ನ ಬಜೆಟ್ಟಿನ ಎರಡರಷ್ಟು. ಕೋಟಿ ಬೆಲೆಯ ಕಾರಿಗೆ, ಇಲ್ಲವೇ ಬಯಲುಸೀಮೆಯ ಗಾಳಿ ಕಾಣದ ಊರಿನವರಿಗೆ ಅದು ಇರಲಿ.

ಈಗ ನನ್ನದು. ಚಕ್ರ ಚಿಕ್ಕದು, 13 ಇಂಚಿನದು, ಹಾಗಾಗಿ ಬೆಡ್ 45 ಸೆಂ.ಮೀ. ಎತ್ತರದಲ್ಲೇ ಕೂತಿದೆ. ಮುಂದಿನ ಕೊಂಡಿ ಬಿಚ್ಚಿದರೆ ಇಡೀ ಬೆಡ್ ಆಕ್ಸಲಿನ ಮೇಲೆ ತೂಗಿ ಹಿಂದಕ್ಕೆ ಬಾಗುತ್ತದೆ. ಹತ್ತು ಡಿಗ್ರಿಯ ಆಸುಪಾಸಿನ ಏರು. ಬಂಪರ್ ತಾಗುವುದಿಲ್ಲ. ಅದಕ್ಕಿಂತ ಮುಖ್ಯ, ಇದರಲ್ಲಿ ರ‍್ಯಾಂಪ್ ಮತ್ತು ಬೆಡ್ ಸೇರುವ ಮೂಲೆ ಅನ್ನುವುದೇ ಇಲ್ಲ, ಕೆಳಗಿನಿಂದ ಮೇಲಿನವರೆಗೆ ಒಂದೇ ಹಲಗೆ. ಹೊಟ್ಟೆ ಕೂರುವ ಪ್ರಶ್ನೆಯೇ ಬರುವುದಿಲ್ಲ. ಕಾರಿನ ಭಾರ ಆಕ್ಸಲ್ ದಾಟುತ್ತಿದ್ದಂತೆ ಬೆಡ್ ತಾನೇ ಮೆಲ್ಲಗೆ ಮಟ್ಟಕ್ಕೆ ಬರುತ್ತದೆ, ಡ್ಯಾಂಪರ್ ಇರುವುದರಿಂದ ಧಡ್ ಅನ್ನುವುದಿಲ್ಲ. ಎಡಗಡೆಯ ಮಡ್‌ಗಾರ್ಡ್ ಎರಡು ಪಿನ್ ಎಳೆದರೆ ಕೈಗೆ ಬರುತ್ತದೆ. ಅತ್ತ ಸೀಟಿಗೆ ಜರುಗಿ ಆ ಬಾಗಿಲಿನಿಂದ ಮರ್ಯಾದೆಯಾಗಿ ಇಳಿಯುತ್ತೇನೆ. ಒಬ್ಬನೇ ಇದ್ದರೂ ಹತ್ತು ನಿಮಿಷದ ಕೆಲಸ. ನಾನು ಹೊರಡುವ ಹೊತ್ತಿಗೆ ಮನೆಯಲ್ಲಿ ಯಾರೂ ಎದ್ದಿರುವುದಿಲ್ಲ, ಆದ್ದರಿಂದ ಈ ಒಂದು ಗುಣಕ್ಕೇ ದುಡ್ಡು ಕೊಟ್ಟೆ ಅಂದರೂ ಸರಿ.

ಬ್ರೇಕು. ಪಿಕಪ್ ನಿಧಾನಿಸಿದಾಗ ಹಿಂದಿನ ಟ್ರೇಲರ್ ಮುಂದಕ್ಕೆ ನೂಕುತ್ತದೆ. ಆ ನೂಕಿಗೆ ಹಿಚ್ಚಿನ (ಪಿಕಪ್ಪಿಗೆ ಟ್ರೇಲರ್ ಸಿಕ್ಕಿಸುವ ಜೋಡಣೆ) ರಾಡ್ ಒಳಗೆ ಸರಿದು, ಕೇಬಲ್ ಎಳೆದು, ಟ್ರೇಲರಿನ ಡ್ರಮ್ ಬ್ರೇಕ್ ಹಿಡಿಯುತ್ತದೆ. ಕರೆಂಟು ಬೇಡ, ಏನೂ ಬೇಡ. ಧರ್ಮಪುರಿ ದಾಟಿ ಸೇಲಂ ಕಡೆಗೆ ತೊಪ್ಪೂರು ಘಾಟಿ ಇಳಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಅಪಘಾತಗಳಿಗೆ ಹೆಸರಾದ ಇಳಿಜಾರು ಅದು. ಕಾರು, ಟ್ರೇಲರ್ ಸೇರಿ ಎರಡು ಟನ್ ಹಿಂದಿನಿಂದ ಒತ್ತುತ್ತಿರುವಾಗ ಬರೀ ಪಿಕಪ್ಪಿನ ಬ್ರೇಕ್ ನಂಬಿ ಅಲ್ಲಿ ಇಳಿಯಲು ನಾನು ತಯಾರಿಲ್ಲ. ಹರಿಹರದ ಟ್ರೇಲರನ್ನು ಕೊನೆಗೂ ಬಿಟ್ಟದ್ದು ಇದಕ್ಕೇ. ರ‍್ಯಾಂಪಿಗೆ ಏನಾದರೂ ದಾರಿ ಹುಡುಕುತ್ತಿದ್ದೆನೋ ಏನೋ.

ಇದೇ ಬ್ರೇಕು ರಿವರ್ಸ್‌ನಲ್ಲಿ ಕಾಟ ಕೊಡುತ್ತದೆ ಅನ್ನುವುದೂ ನಿಜ. ಹಿಂದಕ್ಕೆ ತಳ್ಳಿದರೂ ರಾಡ್ ಒಳಗೇ ಸರಿಯುತ್ತದಲ್ಲ, ಟ್ರೇಲರ್ "ಬ್ರೇಕ್ ಹಾಕು ಅಂತಿದ್ದಾರೆ" ಅಂದುಕೊಂಡು ನಿಂತುಬಿಡುತ್ತದೆ. ರಿವರ್ಸ್‌ನಲ್ಲಿ ತಾನೇ ಬಿಟ್ಟುಕೊಳ್ಳುವ ಡ್ರಮ್ ಸಿಗುತ್ತವೆ. ನನ್ನದರಲ್ಲಿ ಇರುವುದು ಕೈಯಿಂದ ಹಾಕುವ ಲಾಕ್. ನಮ್ಮ ಗೋಡೌನಿನ ಗೇಟು ರಸ್ತೆಗಿಂತ ಎತ್ತರದಲ್ಲಿದೆ. ಪ್ರತಿ ಸಲ ಇಳಿದು, ಲಾಕ್ ಹಾಕಿ, ಹತ್ತಿ, ರಿವರ್ಸ್ ತೆಗೆದು, ಮತ್ತೆ ಇಳಿದು ಲಾಕ್ ಬಿಡಬೇಕು. ಕೊಳ್ಳುವವರು ಆಟೋ ರಿವರ್ಸ್ ಡ್ರಮ್ಮನ್ನೇ ಕೇಳಿ.

ಎರಡು ಆಕ್ಸಲ್ ಇದ್ದರೆ ಒಂದು ಟೈರ್ ಹೋದರೂ ಗಾಡಿ ನೆಟ್ಟಗೆ ನಿಲ್ಲುತ್ತದೆ. ಕೈಯಿಂದ ತಿರುಗಿಸಲು ಮಾತ್ರ ಇಬ್ಬರು ಗಟ್ಟಿಗರು ಬೇಕು.

ಎಂಜಿನ್ ಹಿಂದಿರುವ ಕಾರಿನವರಿಗೆ ಒಂದು ಮಾತು. ಟ್ರೇಲರ್ ಅಲುಗಾಡದೆ ಬರಬೇಕಾದರೆ ಹಿಚ್ಚಿನ ಮೇಲೆ ಒಟ್ಟು ಭಾರದ ನೂರಕ್ಕೆ ಏಳರಿಂದ ಹತ್ತರಷ್ಟು ಕೂರಬೇಕು. ಕಾರನ್ನು ಬೆಡ್ಡಿನ ನಟ್ಟನಡುವೆ ನಿಲ್ಲಿಸಿದರೆ ನಮ್ಮ ಕಾರುಗಳಲ್ಲಿ ಭಾರ ಹಿಂದೆ ಹೋಗಿ ಹಿಚ್ಚು ಹಗುರಾಗುತ್ತದೆ. ನಾನು ಅಳೆದದ್ದು ಮೆಕ್ಕೆಜೋಳದ ಚೀಲ ತೂಗುವ ನಮ್ಮ ಮಂಡಿಯ ಪ್ಲಾಟ್‌ಫಾರಂ ತಕ್ಕಡಿಯಲ್ಲಿ, ಟ್ರೇಲರಿನ ಮೂತಿಯ ಚಿಕ್ಕ ಚಕ್ರವನ್ನು ಅದರ ಮೇಲಿಟ್ಟು. 150 ಕೆಜಿ ತೋರಿಸುವವರೆಗೆ ಕಾರನ್ನು ಮುಂದಕ್ಕೆ ಸರಿಸಿ, ಅಲ್ಲಿಗೆ ಚಕ್ರ ತಡೆಯುವ ಪಟ್ಟಿ ಬೋಲ್ಟ್ ಮಾಡಿಸಿದೆ. ಹಮಾಲರು ಕೆಲಸ ಬಿಟ್ಟು ನೋಡುತ್ತ ನಿಂತಿದ್ದರು. ಕಟ್ಟುವ ಪಟ್ಟಿ ಟೈರಿಗೇ ಹಾಕಿ, ಚಾಸಿಗೆ ಬೇಡ. 30 ಕಿ.ಮೀ. ಹೋದ ಮೇಲೆ ಒಮ್ಮೆ ನಿಲ್ಲಿಸಿ ಬಿಗಿ ನೋಡಿ. ನಾನು ಭರಮಸಾಗರದಲ್ಲಿ ನಿಲ್ಲಿಸುತ್ತೇನೆ.

ಟ್ರೇಲರಿಗೂ ಬೇರೆ ನೋಂದಣಿ, ಬೇರೆ ನಂಬರ್, ಬೇರೆ ಇನ್ಶೂರೆನ್ಸ್ ಬೇಕು. ನನ್ನದಕ್ಕೂ ಕೆಎ-17 ನಂಬರೇ ಬಂತು. ಅಡ್ವಾನ್ಸ್ ಕೊಡುವ ಮೊದಲು ಆರ್‌ಟಿಒ ಒಪ್ಪುವ ಕಾಗದ ಪೂರ್ತಿ ಕೊಡುತ್ತೀರಾ ಅಂತ ಕೇಳಿ. ಮುಖ ಅತ್ತ ತಿರುಗಿಸಿದರೆ ಎದ್ದು ಬನ್ನಿ.

ಒಟ್ಟು 4,60,000 ಆಯಿತು, ಹಿಚ್ಚು, ವೈರಿಂಗ್ ಸೇರಿ. ಜೀಪು, ಜಿಪ್ಸಿ ಸಾಗಿಸುವವರು ಇಷ್ಟು ಸುರಿಯಬೇಕಿಲ್ಲ. ಊರಿನ ಶೆಡ್‌ನಲ್ಲೇ ಮಾಡಿಸಿ, ಬ್ರೇಕ್ ಆಕ್ಸಲ್ ಒಂದನ್ನು ಮಾತ್ರ ಹಟ ಹಿಡಿದು ಹಾಕಿಸಿ. ನೆಲಕ್ಕೆ ಅಂಟಿಕೊಂಡ ಕಾರಿದ್ದು, ತಿಂಗಳಿಗೊಮ್ಮೆಯಾದರೂ ಹೊರಡುವವರಾದರೆ ಟಿಲ್ಟ್. ನನಗೆ ಇನ್ನು ಬಾಕಿ ಇರುವುದು ವಿಂಚ್ ಒಂದೇ, ಟ್ರ್ಯಾಕಿನಲ್ಲಿ ಕಾರು ಕೆಟ್ಟು ನಿಂತರೆ ಎಳೆದು ಹತ್ತಿಸಲು. ಎಲೆಕ್ಟ್ರಿಕ್ ಹಾಕಿಸು ಅಂತ ತಮ್ಮ ಹೇಳುತ್ತಾನೆ. ಅದಕ್ಕೆ ಬೇರೆ ಬ್ಯಾಟರಿ ಬೇಕು, ಅದನ್ನು ಆಗಾಗ ಚಾರ್ಜ್ ಮಾಡುವ ಶಿಸ್ತು ನನಗಿಲ್ಲ. ಕೈಯಲ್ಲಿ ತಿರುಗಿಸುವುದನ್ನೇ ತರುತ್ತೇನೆ.